ದೊಡ್ಡಮ್ಮನ ಅಳುವಿಗೆ ಬಂದ ಪ್ರಶಸ್ತಿ

ನಮ್ಮ ಕಡೆ ಸಾವಿನ ಮನೆಯಲ್ಲಿ ಹೆಂಗಸರು ಹಾಡಿಕೊಂಡು ಅಳುತ್ತಾರೆ. ಸತ್ತವರು ಹೇಗೆ ಬಾಳಿದರು, ಯಾರ ಮೇಲೆ ಮುನಿದರು, ಯಾವುದಕ್ಕೆ ಆಸೆಪಟ್ಟರು, ಎಲ್ಲವೂ ಆ ಅಳುವಿನಲ್ಲಿ ಬರುತ್ತದೆ. ರಾಮಗಿರಿಯ ಹತ್ತಿರದ ನಮ್ಮೂರಲ್ಲಿ ನನ್ನ ದೊಡ್ಡಮ್ಮ, ಅಂದರೆ ಅವ್ವನ ಅಕ್ಕ, ಬಾಯಿ ತೆರೆದಳೆಂದರೆ ಹೆಣ ಹೊರಲು ಬಂದ ಗಂಡಸರೂ ಟವೆಲಿನಲ್ಲಿ ಮುಖ ಮುಚ್ಚಿಕೊಳ್ಳುತ್ತಿದ್ದರು. ಅದಕ್ಕೊಂದು ಕಟ್ಟುಪಾಡು ಇದೆ. ಬದುಕಿರುವವರ ಮೇಲೆ ಹಾಗೆ ಅಳಬಾರದು, ತಮಾಷೆಗೂ ಅಳಬಾರದು. ಅತ್ತರೆ ಸಾವನ್ನು ಮನೆಗೆ ಕರೆದಂತೆ.

ಇದೆಲ್ಲ ಗೊತ್ತಿದ್ದೂ ಸಿನಿಮಾದವರನ್ನು ಅವಳ ಮನೆಗೆ ಕರೆದುಕೊಂಡು ಹೋದವನು ನಾನೇ. ನನಗೆ ಚಿಕ್ಕಜಾಜೂರಿನ ರೈಲ್ವೆ ಸ್ಟೇಷನ್ನಿನಲ್ಲಿ ಕೆಲಸ. ಅಲ್ಲಿಗೆ ಶೂಟಿಂಗಿಗೆ ಜಾಗ ನೋಡಲು ಬಂದವರು, ಮಗಳನ್ನು ಕಳೆದುಕೊಂಡ ಕುರಿ ಕಾಯುವ ಹೆಂಗಸಿನ ಕಥೆ, ಈ ಸೀಮೆಯ ಅಳುವಿನ ಧಾಟಿ ಬೇಕಿತ್ತು ಅಂದರು. ನನ್ನ ಬಾಯಿ ಸುಮ್ಮನಿರಬೇಕಲ್ಲ! ನಮ್ಮ ದೊಡ್ಡಮ್ಮ ಇದ್ದಾಳೆ ಬನ್ನಿ ಸಾರ್ ಅಂದುಬಿಟ್ಟೆ. ಅವರ ಕಾರಿನ ಮುಂದಿನ ಸೀಟಿನಲ್ಲಿ ಕೂತು ಊರೊಳಗೆ ಹೋದ ಆ ಜಂಬ ನೆನೆದರೆ ಈಗಲೂ ಕೆನ್ನೆಗೆ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ದೊಡ್ಡಮ್ಮ ಮೊದಲು ಒಪ್ಪಲಿಲ್ಲ. "ಸುಮ್‌ಸುಮ್ನೆ ಯಾರ ಮೇಲೆ ಅಳ್ಲಿ ಲೇ? ಮನ್ಯಾಗೆ ಮಕ್ಳು ಮರಿ ಅವೆ" ಅಂದಳು.

"ಧಾಟಿ ಅಷ್ಟೇ ತಗಂತಾರೆ ಕಣ್ ದೊಡ್ಡಮ್ಮ, ಮಾತು ತಗಳಲ್ಲ. ನಾನಿಲ್ವಾ?" ಅಂದೆ.

ನನ್ನ ಮಾತು ನಂಬಿದಳು. ಬದುಕಿದವರ ಮೇಲೆ ಅಳುವಂತಿಲ್ಲವಲ್ಲ, ಮನೆ ಬಿಟ್ಟು ಹೊಲದ ಬದುವಿಗೆ ಹೋಗಿ ಕೂತು, ಹನ್ನೆರಡನೇ ವಯಸ್ಸಿಗೇ ಜ್ವರ ಬಂದು ತೀರಿಹೋಗಿದ್ದ ತನ್ನ ಮಗಳ ಮೇಲೆ ಅತ್ತಳು. ಆ ಹುಡುಗಿ ಸತ್ತ ದಿನ ದೊಡ್ಡಮ್ಮನ ಬಾಯೇ ಕಟ್ಟಿಹೋಗಿತ್ತು. ಅವತ್ತು ಬಾರದ ಮಾತು ಇವತ್ತು ಬಂತು. "ಒಂದು ಜಡೆ ಬಿಚ್ಚಿತ್ತಲ್ಲೇ ನನ್ನವ್ವ, ಹೆಣೀಲೇ ಇಲ್ಲ ನಾನು, ಬೈದು ಸ್ಕೂಲಿಗೆ ಕಳಿಸ್ದೆ. ಬಾರವ್ವ, ತಲೆ ಕೊಡು, ಹೆಣೀತೀನಿ." ಹಾಗೆ ಬೈಸಿಕೊಂಡು ಹೋದ ಹುಡುಗಿ ಮೈ ಸುಡುವ ಜ್ವರದಲ್ಲೇ ಸ್ಕೂಲಿನಿಂದ ವಾಪಸು ಬಂದಿದ್ದಳು. ರೆಕಾರ್ಡ್ ಮಾಡಿಕೊಳ್ಳುತ್ತಿದ್ದವನೂ ಕಣ್ಣೊರೆಸಿಕೊಂಡ.

ಸಿನಿಮಾ ನಮ್ಮ ಕಡೆಯ ಟಾಕೀಸುಗಳಿಗೆ ಬರಲೇ ಇಲ್ಲ. ಎರಡು ವರ್ಷದ ಮೇಲೆ, ಯಾವುದೋ ಪ್ರಶಸ್ತಿ ಸಮಾರಂಭದಲ್ಲಿ ಅದರ ನಾಯಕಿಯೂ ಸ್ಪರ್ಧೆಯಲ್ಲಿದ್ದಾಳೆ ಅಂತ ಟೀವಿಯಲ್ಲಿ ಬಂತು. ಪ್ರಸಾರ ಭಾನುವಾರ ಮಧ್ಯಾಹ್ನ. ನಾನು, ಹೆಂಡತಿ, ಅವ್ವ, ಅಕ್ಕಪಕ್ಕದ ಮನೆಯವರು, ಎಲ್ಲರೂ ದೊಡ್ಡಮ್ಮನ ಮನೆಯಲ್ಲಿ ಸೇರಿದೆವು. ಪಕ್ಕದ ಮನೆಯ ಅಜ್ಜಿ ಒಬ್ಬೊಬ್ಬರಿಗೂ ತೀರ್ಪು ಕೊಡುತ್ತಿತ್ತು. "ಇವ್ನಿಗ್ಯಾಕೆ ಕೊಟ್ರೋ, ಹೊಡೆದಾಡದು ಬಿಟ್ರೆ ಏನ್ ಬರ್ತೈತೆ ಇವ್ನಿಗೆ?" ಸೀರೆಗಳ ಬಗ್ಗೆ ಹೆಂಗಸರಲ್ಲಿ ದೊಡ್ಡ ಚರ್ಚೆ ನಡೆದಿತ್ತು.

ಆಮೇಲೆ ನಾಯಕಿಯರ ಸರದಿ. ಒಬ್ಬೊಬ್ಬರ ಸಿನಿಮಾದ ಒಂದೊಂದು ತುಣುಕು ತೋರಿಸಿದರು. ನಮ್ಮ ನಾಯಕಿ ಹೊಲದ ಬದುವಿನ ಮೇಲೆ ಕೂತಿದ್ದಳು. "ಒಂದು ಜಡೆ ಬಿಚ್ಚಿತ್ತಲ್ಲೇ ನನ್ನವ್ವ" ಅಂದಳು. ಪೂರ್ತಿ ಅಂದಳು. ಬೈದು ಕಳಿಸಿದ್ದನ್ನೂ ಬಿಡಲಿಲ್ಲ.

"ಥೇಟ್ ಹೆತ್ತೋಳಂಗೆ ಅಳ್ತಾಳಲ್ಲೇ!" ಅಂತು ಅಜ್ಜಿ. ಪ್ರಶಸ್ತಿ ಅವಳಿಗೇ ಬಂತು. ಸಭಾಂಗಣವೆಲ್ಲ ಎದ್ದು ನಿಂತಿತು, ದೊಡ್ಡಮ್ಮನ ಪಡಸಾಲೆಯಲ್ಲೂ ಶಿಳ್ಳೆ ಬಿತ್ತು. ಚಪ್ಪಾಳೆಗೆ ಎತ್ತಿದ ನನ್ನ ಕೈ ಅರ್ಧಕ್ಕೇ ನಿಂತಿತು. ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ಅವಳ ಕಡೆ ನೋಡುವ ಧೈರ್ಯ ಸಾಲದೆ ಟೀವಿಯನ್ನೇ ನೋಡಿದೆ.

ನಾಯಕಿ ನಿರ್ದೇಶಕರಿಗೆ, ನಿರ್ಮಾಪಕರಿಗೆ, ಇಂಥ ಮಾತು ಬರೆದುಕೊಟ್ಟವರಿಗೆ ಕೈಮುಗಿದಳು. ಬರೆದುಕೊಟ್ಟವರಂತೆ! ನನಗೆ ಮೈಯೆಲ್ಲ ಉರಿಯಿತು. "ನಮ್ ದೊಡ್ಡಮ್ಮನ ಹೆಸ್ರು ಹೇಳಿದ್ರೆ ಇವರಪ್ಪನ ಗಂಟೇನ್ ಹೋಗ್ತಿತ್ತು?" ಅಂತ ಕೂಗಿದೆ. ಅಷ್ಟರಲ್ಲಿ ನಾಯಕಿ ತನ್ನ ಪುಟ್ಟ ಮಗಳನ್ನು ವೇದಿಕೆಗೆ ಕರೆದು ಎತ್ತಿಕೊಂಡಳು.

ದೊಡ್ಡಮ್ಮ ದಡಕ್ಕನೆ ಎದ್ದಳು. "ಹೆಣ್ಮಗ ಐತೇನಲೇ ಅವಳಿಗೆ? ಮಗಳು ಜೀವಂತ ಇರೋವಾಗ್ಲೇ ಆ ಮಾತಾಡಿದ್ಲಾ?"

"ಸಿನಿಮಾ ಅಲ್ವಾ ದೊಡ್ಡಮ್ಮ, ಅದೆಲ್ಲ ಸುಳ್ಳು" ಅಂದೆ.

"ನಂದು ಸುಳ್ಳಲ್ಲವಲ್ಲೋ!"

ಫೋನ್ ಮಾಡು, ಮಗುವಿಗೆ ದೃಷ್ಟಿ ತೆಗೆಯಲು ಹೇಳು ಅಂತ ಹಟ ಹಿಡಿದಳು. ನನ್ನ ಹತ್ತಿರ ಇದ್ದ ಒಂದೇ ನಂಬರು ಬಂದಾಗಿತ್ತು. ಕೊನೆಗೆ ತಾನೇ ಒಳಗಿಂದ ಉಪ್ಪು, ಒಣಮೆಣಸಿನಕಾಯಿ ತಂದು ಟೀವಿಗೆ ಮೂರು ಸಲ ನೀವಾಳಿಸಿದಳು. ಆ ಹೊತ್ತಿಗೆ ಅಲ್ಲಿ ಯಾವನೋ ಹೀರೋ ಕುಣಿಯುತ್ತಿದ್ದ. ಯಾರೋ ಕಿಸಕ್ಕೆಂದು ನಕ್ಕರು, ಅವ್ವ ಕಣ್ಣು ಕೆಂಪಗೆ ಮಾಡಿ ನೋಡಿದಳು.

ನೀವಾಳಿಸಿದ್ದನ್ನು ಒಲೆಗೆ ಹಾಕಿ ಬಂದು ದೊಡ್ಡಮ್ಮ ನನ್ನೆದುರು ನಿಂತಳು. "ಧಾಟಿ ಅಷ್ಟೇ ಅಂದಿದ್ಯಲ್ಲೋ" ಅಂದಳು. ತಪ್ಪಾಯ್ತು ಅಂತ ಕಾಲು ಹಿಡಿಯಲು ಹೋದೆ. "ಬಿಡಪ್ಪ, ಏಳು, ಉಣ್ಣೇಳು" ಅಂದಳು. ಬೈದಿದ್ದರೆ ಹಗುರಾಗುತ್ತಿತ್ತು.

ಆ ವಾರವೆಲ್ಲ ಆ ತುಣುಕು ಎಲ್ಲರ ಸ್ಟೇಟಸ್ಸಿನಲ್ಲಿತ್ತು. ಹೊಸದುರ್ಗದ ನೆಂಟರು, ಹಿರಿಯೂರಿನ ಬೀಗರು ಫೋನ್ ಮೇಲೆ ಫೋನ್ ಮಾಡಿದರು. "ನಿಮ್ ದೊಡ್ಡಮ್ಮಂದಂತಲ್ರಿ ಆ ಅಳು, ಪುಣ್ಯ ಮಾಡಿದ್ರು ಬಿಡ್ರಿ" ಅಂದರು. ಹೂಂ, ಹೂಂ ಅಂದು ಫೋನ್ ಇಡುತ್ತಿದ್ದೆ.

ಈ ವರ್ಷ ನನ್ನ ಅವ್ವ ತೀರಿಕೊಂಡಳು. ಹೆಂಗಸರೆಲ್ಲ ಸುತ್ತ ಕೂತು ದೊಡ್ಡಮ್ಮನಿಗಾಗಿ ಕಾಯುತ್ತಿದ್ದರು. ಅವಳು ಬಂದು ತಂಗಿಯ ತಲೆಯ ಹತ್ತಿರ ಕೂತು, ಹಣೆ ಸವರಿದಳು. ನಾನು ಕಾಲ ಬಳಿ ಇದ್ದೆ. ಇನ್ನೇನು ಶುರು ಮಾಡುತ್ತಾಳೆ ಅಂದುಕೊಳ್ಳುವಾಗ ತಲೆ ಎತ್ತಿ ನನ್ನನ್ನೇ ನೋಡಿದಳು.

"ಅಳ್ತೀನಿ ಕಣಪ್ಪ. ನೀನು ಆಚಿಗೆ ಹೋಗಿ ಕುಂತ್ಕ" ಅಂದಳು.

ಎದ್ದು ಹೋದೆ. ಕಟ್ಟೆಯ ಮೇಲಿದ್ದ ಗಂಡಸರು ಸರಿದು ಜಾಗ ಕೊಟ್ಟರು. ಹಿಂದೆಯೇ ಯಾರೋ ಬಾಗಿಲು ಮುಚ್ಚಿದರು, ಒಳಗೆ ಅವಳ ದನಿ ಎದ್ದಿತು. ಕಟ್ಟೆಯವರೆಗೆ ಧಾಟಿ ಅಷ್ಟೇ ಬಂತು, ಮಾತು ಬರಲಿಲ್ಲ. ನನ್ನ ಹೆತ್ತವಳ ಮೇಲೆ ದೊಡ್ಡಮ್ಮ ಏನೇನು ಹೇಳಿಕೊಂಡು ಅತ್ತಳೋ ನನಗೆ ಇವತ್ತಿಗೂ ಗೊತ್ತಿಲ್ಲ. ನನ್ನ ಹೆಂಡತಿ ಒಳಗೇ ಇದ್ದಳು. ಕೇಳಿದರೆ ಅವಳೂ ಹೇಳುವುದಿಲ್ಲ.