ಸ್ಟಿಕ್ಕಿನ ಅಡಿಯಲ್ಲಿ ಹೋದ ಚೆಂಡು

ಆಯನೂರಿನ ಹೊನ್ನಯ್ಯ ಎತ್ತಿನ ಗಾಡಿಯಲ್ಲಿ ಇದ್ದಿಲು ತುಂಬಿಕೊಂಡು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೊಡೆಯುತ್ತಿದ್ದವನು. ಒಮ್ಮೆ ನಡುದಾರಿಯಲ್ಲಿ ಒಂದೆತ್ತು ಕುಂಟಿ ಕೂತಾಗ ನೊಗಕ್ಕೆ ತನ್ನ ಹೆಗಲನ್ನೇ ಕೊಟ್ಟು ಊರು ಮುಟ್ಟಿದ ಗಟ್ಟಿ ಪಿಂಡ. ಅವನ ಮಗ ಮುರುಗೇಶಪ್ಪ ಅದೇ ಕಾರ್ಖಾನೆಯ ಕುಲುಮೆಯ ಮುಂದೆ ಬೆಂದವನು. ಸಂಜೆಯಾದರೆ ಕಾರ್ಮಿಕರ ಹಾಕಿ ತಂಡದಲ್ಲಿ ಗೋಲಿನ ಮುಂದೆ ಕಾವಲು ನಿಲ್ಲುವವನು. ಹೊರಗಿನ ತಂಡವೊಂದು ಬಂದು ಆಡಿದಾಗ ಚೆಂಡು ಬಡಿದು ಮುಂದಿನ ಹಲ್ಲೆರಡು ಉದುರಿದವು. ಬಾಯಿಗೆ ಟವೆಲ್ಲು ತುರುಕಿಕೊಂಡು ಆಟ ಮುಗಿಯುವ ತನಕ ನಿಂತ. ಒಂದು ಗೋಲೂ ಬಿಡಲಿಲ್ಲ.

ಸ್ಫೂರ್ತಿ ಈ ಮುರುಗೇಶಪ್ಪನ ಮೊಮ್ಮಗಳು. ಮನೆತನದ ಹೆಸರು ಹಸಿ ಹುಲ್ಲಿನ ಹೊರೆ ಇದ್ದಂತೆ. ನೋಡಿದವರಿಗೆ ಹಗುರ, ಭಾರ ಎಷ್ಟೆಂದು ಹೊತ್ತ ಕುತ್ತಿಗೆಗೇ ಗೊತ್ತು. ಅವಳ ಅಪ್ಪ ಹಾಕಿ ಸ್ಟಿಕ್ಕು ಮುಟ್ಟಿದವನಲ್ಲ. ಹಾಗಾಗಿ ಮುದುಕನ ಆಸೆಯೆಲ್ಲ ಹುಡುಗಿಯ ತಲೆಯ ಮೇಲೆ ಬಂದು ಕೂತಿತು.

ಕಾರ್ಖಾನೆಯ ಕ್ವಾರ್ಟರ್ಸಿನ ಹಿಂದಿನ ಕೆಂಪು ಜಲ್ಲಿಯ ಮೈದಾನದಲ್ಲಿ ಅವಳ ಪಾಠ ನಡೆಯಿತು. ಅಲ್ಲಿ ಚೆಂಡು ನೆಟ್ಟಗೆ ಬಂದ ದಿನವೇ ಇಲ್ಲ. ಕಲ್ಲಿಗೆ ತಾಗಿ ಕಪ್ಪೆಯಂತೆ ಜಿಗಿಯುತ್ತದೆ. ನೆಲವನ್ನು ನಂಬಬೇಡ, ಸ್ಟಿಕ್ಕನ್ನು ನಾಲ್ಕು ಬೆರಳು ಮೇಲೆ ಹಿಡಿ, ಏಳುವ ಚೆಂಡನ್ನು ಏಳುವಾಗಲೇ ತಡೆ ಎಂದು ಅಜ್ಜ ದಿನವೂ ಗಂಟಲು ಹರಿದುಕೊಂಡ. ಹದಿನೈದು ತುಂಬುವಷ್ಟರಲ್ಲಿ ಭದ್ರಾವತಿಯ ಹುಡುಗರೂ ಅವಳನ್ನು ದಾಟಲು ಹೆಣಗುತ್ತಿದ್ದರು.

ಆಮೇಲೆ ಶಿವಮೊಗ್ಗದ ಕ್ಲಬ್ಬಿಗೆ ಸೇರಿದಳು. ಆಲ್ಕೊಳ ದಾಟಿದ ಮೇಲೆ ಸಿಗುವ ಅವರ ಮೈದಾನಕ್ಕೆ ಹುಲ್ಲಿನಂಥ ಹಾಸು ಹೊದಿಸಿ, ಆಟಕ್ಕೆ ಮುಂಚೆ ನೀರು ಚಿಮುಕಿಸುತ್ತಾರೆ. ಅಲ್ಲಿ ಚೆಂಡು ಏಳುವುದಿಲ್ಲ, ಹಾವಿನಂತೆ ನೆಲ ಕಚ್ಚಿಕೊಂಡು ಸರಿಯುತ್ತದೆ. ಮೊದಲ ಪಂದ್ಯದಲ್ಲೇ ಅವಳ ಸ್ಟಿಕ್ಕಿನ ಅಡಿಯಲ್ಲಿ ಚೆಂಡು ನುಸುಳಿ ಗೋಲಾಯಿತು. ಮುಂದಿನ ಪಂದ್ಯದಲ್ಲೂ ಅದೇ ಕಥೆ.

ಜೊತೆಗೆ ಆಡುವ ಭೂಮಿಕಾ ನೀರು ಕುಡಿಯುತ್ತ ಹೇಳಿದಳು: “ನಿನ್ನ ಸ್ಟಿಕ್ ಕೆಳಗೆ ಕುರಿಮಂದೆನೇ ಹೋಗುತ್ತೆ ಮಾರಾಯ್ತಿ. ಪಾಪ, ಬಾಲ್ ಏನು ತಪ್ಪು ಮಾಡಿತ್ತು?”

ಎಲ್ಲರೂ ನಕ್ಕರು, ಸ್ಫೂರ್ತಿಯೂ ನಕ್ಕಳು.

ಕೋಚ್ ಶಿವರಾಮ ಅವಳ ಸ್ಟಿಕ್ಕನ್ನು ಕಾಲಿನಿಂದ ನೆಲಕ್ಕೆ ಒತ್ತಿ, ಹೀಗೆ ಎತ್ತಿ ಹಿಡಿಯಲು ಕಲಿಸಿದವರು ಯಾರು ಎಂದು ಕೇಳಿದರು. ಅಜ್ಜನ ಹೆಸರು ನಾಲಿಗೆಯ ತುದಿಗೆ ಬಂದಿತ್ತು. ಟವೆಲ್ಲು ಕಚ್ಚಿ ನಿಂತವನನ್ನು ಈ ಜನರ ನಗುವಿಗೆ ಹೇಗೆ ಒಪ್ಪಿಸುವುದು? ಯಾರೂ ಅಲ್ಲ ಸರ್, ನಾನೇ ಕಲಿತೆ ಎಂದುಬಿಟ್ಟಳು.

ಮನೆಗೆ ಬಂದು ಗೋಲಾದದ್ದನ್ನು ಹೇಳಿದರೆ ಅಜ್ಜನದು ಬೇರೆ ರಾಗ. ನೀನು ಎತ್ತಿದ್ದು ಸಾಲದು, ಇನ್ನೂ ಬೇಗ ಎತ್ತು ಎಂದು ಅಂಗಳದಲ್ಲೇ ನಿಲ್ಲಿಸಿ ತೋರಿಸಿದ. ಬೆಳಿಗ್ಗೆ ಕೋಚ್ ಹೇಳಿದಂತೆ ತಗ್ಗಿಸುವುದು, ಸಂಜೆ ಅಜ್ಜ ಹೇಳಿದಂತೆ ಎತ್ತುವುದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆದಂತೆ. ಕೊನೆಗೆ ಚೆಂಡು ಬಂದಾಗ ಕೈ ಮೇಲೂ ಹೋಗದೆ ಕೆಳಗೂ ಬಾರದೆ ನಡುವೆ ಮರಗಟ್ಟಿ ನಿಲ್ಲತೊಡಗಿತು. ಹೊನ್ನಯ್ಯನ ರಕ್ತ ತನ್ನ ತನಕ ಬರುವಷ್ಟರಲ್ಲಿ ನೀರಾಗಿದೆ ಎಂದು ಅವಳಿಗೆ ಅನಿಸಿತು. ಕಾಲು ಉಳುಕಿದೆ ಎಂದು ಸುಳ್ಳು ಹೇಳಿ ಒಂದು ವಾರ ಮನೆಯಲ್ಲೇ ಕುಳಿತಳು.

ಜಿಲ್ಲಾ ತಂಡದ ಆಯ್ಕೆ ಹತ್ತಿರ ಬಂತು. ಈ ಸಲ ತಪ್ಪಿದರೆ ಅವಳ ವಯಸ್ಸಿನ ಗುಂಪಿಗೆ ಮತ್ತೆ ಅವಕಾಶವಿಲ್ಲ ಎಂದು ಶಿವರಾಮ ಹೇಳಿ ಕಳಿಸಿದರು. ಭಯಪಡುತ್ತಲೇ ಮತ್ತೆ ಅಭ್ಯಾಸಕ್ಕೆ ಹೋದಳು. ಎಲ್ಲರಿಗಿಂತ ಮುಂಚೆ ಹೋಗಿ, ಮಾನ ಬಿಟ್ಟು ಭೂಮಿಕಾಳನ್ನೇ ಬೇಡಿಕೊಂಡಳು: ಚೆಂಡು ಹೊಡಿ, ಸುಮ್ಮನೆ ಹೊಡೀತಾ ಇರು. ಮಂಡಿ ಬಗ್ಗಿಸಿ, ಸ್ಟಿಕ್ಕನ್ನು ನೆಲದ ಹಾಸಿನ ಮೇಲೆ ಮಲಗಿಸಿದಳು. ಮೊದಮೊದಲು ಬೆರಳು ಜಜ್ಜಿತು. ಆಮೇಲೆ ಒಂದು ಚೆಂಡು ಟಪ್ಪೆಂದು ಬಡಿದು ಅಲ್ಲೇ ನಿಂತಿತು. ಇನ್ನೊಂದೂ ನಿಂತಿತು. ಅಜ್ಜ ಸುಳ್ಳು ಕಲಿಸಿರಲಿಲ್ಲ, ಅವನ ನೆಲವೇ ಬೇರೆ ಎನ್ನುವುದು ಆಗ ಅವಳಿಗೆ ಹೊಳೆಯಿತು. ಭೂಮಿಕಾ ಅವತ್ತು ತಮಾಷೆ ಮಾಡಲಿಲ್ಲ.

ಆದರೆ ಅಭ್ಯಾಸದ ಪಂದ್ಯಕ್ಕೆ ಮುರುಗೇಶಪ್ಪ ಬಸ್ಸು ಹತ್ತಿ ಬಂದೇಬಿಟ್ಟ. ಚೆಂಡು ಅವಳತ್ತ ಬರುತ್ತಿದ್ದಂತೆ ಗೆರೆಯ ಆಚೆಯಿಂದ ಕೂಗಿದ: “ಏಳುತ್ತೆ ಕಣೇ, ಏಳುತ್ತೆ, ಎತ್ತು!” ಮಲಗಿದ್ದ ಸ್ಟಿಕ್ಕು ತಾನಾಗಿ ಮೇಲೆದ್ದಿತು. ಚೆಂಡು ಅಡಿಯಲ್ಲಿ ಹೋಯಿತು.

ಆಯ್ಕೆಯ ದಿನ ಬೆಳಿಗ್ಗೆ ಮುರುಗೇಶಪ್ಪ ಇಸ್ತ್ರಿಯ ಅಂಗಿ ತೊಟ್ಟು ಜಗಲಿಯಲ್ಲಿ ಕೂತಿದ್ದ. ಆಯ್ಕೆ ಮಾಡುವವರಲ್ಲಿ ಒಬ್ಬನಾದ ಮಂಜಪ್ಪ ತನ್ನ ಜೊತೆ ಆಡಿದವನು, ಒಂದು ಮಾತು ಹಾಕುತ್ತೇನೆ ಎಂದ. ಗೋಲಿನ ಪಕ್ಕದಲ್ಲೇ ನಿಂತು ಹೇಳಿಕೊಡುತ್ತೇನೆ, ನೀನು ಹೆದರಬೇಡ ಎಂದೂ ಹೇಳಿದ.

ಸ್ಫೂರ್ತಿ ಬ್ಯಾಗನ್ನು ಹೆಗಲಿಗೇರಿಸಿ ಅವನ ಮುಖ ನೋಡಿಯೇ ಹೇಳಿದಳು:

“ನೀನು ಬರಬೇಡ ಅಜ್ಜ. ಮಂಜಪ್ಪನೋರ ಹತ್ರ ಮಾತಾಡಲೂಬೇಡ. ನೀನು ಕೂಗಿದ್ರೆ ನನ್ನ ಕೈ ನಿನ್ನ ಮಾತೇ ಕೇಳುತ್ತೆ, ಆ ನೆಲದಲ್ಲಿ ನಿನ್ನ ಮಾತು ನಡೆಯಲ್ಲ. ಹೆದರಿಕೆ ಇದೆ, ಇಲ್ಲ ಅನ್ನಲ್ಲ. ಇದ್ರೂ ಒಬ್ಳೇ ಹೋಗ್ತೀನಿ.”