ಎಡ ಜೇಬು

ನಮ್ಮಕ್ಕ ಇಪ್ಪತ್ತೆರಡು ವರ್ಷ ಪ್ರಾಣಿಗಳ ಆಸ್ಪತ್ರೆಯಲ್ಲಿ ಬೆಕ್ಕುಗಳ ಕತ್ತಿಗೆ ಚಿಗಟದ ಔಷಧಿ ಹಾಕಿದಳು. ಇದನ್ನು ಕೇಳಿದ ಜನ, ಪಾಪ, ಬಾಯಿಲ್ಲದ ಜೀವಗಳ ಸೇವೆ, ಎಂಥ ಪುಣ್ಯದ ಕೆಲಸ ಎನ್ನುತ್ತಾರೆ. ಅನ್ನಲಿ, ಅವರದ್ದೇನು ಹೋಗುತ್ತದೆ. ಅವರು ಅವಳ ಜೊತೆ ಎರಡು ಕೋಣೆಯ ಮನೆಯಲ್ಲಿ ಬದುಕುತ್ತಿಲ್ಲ. ನಾನು ಬದುಕುತ್ತಿದ್ದೇನೆ.

ನಾನು ಬಟ್ಟೆ ಹೊಲಿಯುವವಳು. ಮುಂದಿನ ಕೋಣೆಯಲ್ಲಿ ನನ್ನ ಮಷೀನು, ಇಸ್ತ್ರಿ ಮೇಜು, ಬಟ್ಟೆಯ ರಾಶಿ. ಹಿಂದಿನ ಕೋಣೆಯಲ್ಲಿ ನಮ್ಮಿಬ್ಬರ ಮಂಚ. ಅಕ್ಕ ಮದುವೆಯಾಗಲಿಲ್ಲ. ನಾನು ಆಗಿ, ಸಾಕಾಗಿ, ಅವಳ ಬಳಿಗೆ ವಾಪಸು ಬಂದೆ. ಅಂದಿನಿಂದ ನಮ್ಮಿಬ್ಬರಿಗೆ ಒಂದೇ ಒಲೆ, ಒಂದೇ ಜಗಳ. ಚಿಗಟದ ಜಗಳ.

ಅವಳು ಬಾಗಿಲಿಗೆ ಬರುವ ಮೊದಲೇ ವಾಸನೆ ಬರುತ್ತಿತ್ತು. ಒದ್ದೆ ಬೆಕ್ಕು, ಫಿನಾಯಿಲು, ಅದರ ಮೇಲೆ ಆ ಔಷಧಿಯ ಜಿಡ್ಡು ಜಿಡ್ಡು ಘಾಟು. ಊಟಕ್ಕೆ ಕೂತರೆ ಶುರು. ಇವತ್ತು ಒಂದು ಬೆಕ್ಕಿನ ಕಿವಿಯಿಂದ ಹನ್ನೊಂದು ಉಣ್ಣಿ ಕಿತ್ತೆ ಎನ್ನುವಳು. ರಕ್ತ ಕುಡಿದು ಹರಳು ಬೀಜದಷ್ಟು ಊದಿದ್ದವು ಎನ್ನುವಳು. ಒಂದು ಕೈಯಲ್ಲೇ ಒಡೆಯಿತು ಎನ್ನುವಳು. ಥೂ. ನನ್ನ ತುತ್ತು ಬಾಯಿಯ ಹತ್ತಿರವೇ ನಿಲ್ಲುತ್ತಿತ್ತು.

"ಊಟದ ಹೊತ್ತಲ್ಲಿ ಬೇರೆ ಮಾತೇ ಸಿಗಲ್ವಾ ನಿಂಗೆ?"

"ಬೇರೆ ಏನ್ ಹೇಳ್ಲಿ? ಬೆಳಗ್ಗಿಂದ ಸಂಜೆ ತನಕ ನಾನು ನೋಡೋದು ಅದನ್ನೇ. ನೀನು ಗುಂಡಿ, ಕಾಜ ಅಂತ ಕೊರೀತೀಯ, ನಾನು ಕೇಳಲ್ವಾ?"

"ಗುಂಡಿ ಒಡೆದ್ರೆ ರಕ್ತ ಬರಲ್ಲ."

ಅವಳು ನಗುತ್ತಾ ಇನ್ನೊಂದು ಸಲ ಬಡಿಸಿಕೊಳ್ಳುತ್ತಿದ್ದಳು. ಯಾವುದಕ್ಕಾದರೂ ಅವಳ ಹೊಟ್ಟೆ ತೊಳಸಿದ್ದನ್ನು ನಾನು ಕಂಡಿಲ್ಲ.

ಕೆಲಸದಲ್ಲಿ ಮಾತ್ರ ಅವಳನ್ನು ಮೀರಿಸುವವರಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಔಷಧಿ ಬರುವುದು ಕಿರುಬೆರಳಿನಷ್ಟು ಉದ್ದದ ಪ್ಲಾಸ್ಟಿಕ್ ಟ್ಯೂಬಿನಲ್ಲಿ. ಅದನ್ನು ಕೂದಲಿನ ಮೇಲೆ ಸುರಿದರೆ ಪ್ರಯೋಜನವಿಲ್ಲ. ಕತ್ತಿನ ಹಿಂದೆ, ತಲೆಬುಡದ ಹತ್ತಿರ, ಬೈತಲೆ ತೆಗೆದ ಹಾಗೆ ಕೂದಲು ಬಿಡಿಸಿ, ಚರ್ಮ ಕಂಡ ಮೇಲೆ ಅಲ್ಲಿ ಹಿಂಡಬೇಕು. ಬೆಕ್ಕಿನ ನಾಲಿಗೆ ಮೈಯೆಲ್ಲ ಸುತ್ತಿದರೂ ಆ ಒಂದು ಜಾಗಕ್ಕೆ ಮುಟ್ಟುವುದಿಲ್ಲ. ಮನೆಯಲ್ಲಿ ಎರಡು ಬೆಕ್ಕಿದ್ದರೆ ಔಷಧಿ ಒಣಗುವ ತನಕ ಬೇರೆ ಬೇರೆ ಕೋಣೆಯಲ್ಲಿಡಬೇಕು, ಇಲ್ಲದಿದ್ದರೆ ಇದರ ಕತ್ತನ್ನು ಅದು ನೆಕ್ಕುತ್ತದೆ. ಬಂದವರಿಗೆಲ್ಲ ಅಕ್ಕ ಇದನ್ನು ಬೇಸರವಿಲ್ಲದೆ ಹೇಳುತ್ತಿದ್ದಳು.

ಬೆಕ್ಕಿಗೆ ಗೊತ್ತಾಗುವಷ್ಟರಲ್ಲಿ ಅವಳ ಕೆಲಸ ಮುಗಿದಿರುತ್ತಿತ್ತು. ಅದಕ್ಕೊಂದು ಉಪಾಯ ಮಾಡಿಕೊಂಡಿದ್ದಳು. ಟ್ಯೂಬಿನ ಬೆಳ್ಳಿ ಹಾಳೆಯ ಪೊಟ್ಟಣವನ್ನು ಚರ್ರೆಂದು ಹರಿದರೆ ಸಾಕು, ಬೆಕ್ಕು ಕಪಾಟಿನ ಮೇಲಿರುತ್ತದೆ. ಹಾಗಾಗಿ ಅಕ್ಕ ಬೆಳಿಗ್ಗೆಯೇ ಒಳಕೋಣೆಯಲ್ಲಿ ಪೊಟ್ಟಣಗಳನ್ನು ಹರಿದು, ಬರೀ ಟ್ಯೂಬುಗಳನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಳ್ಳುತ್ತಿದ್ದಳು. ಎಡ ಜೇಬಿನಲ್ಲಿ ಬೆಕ್ಕಿನವು, ಬಲ ಜೇಬಿನಲ್ಲಿ ನಾಯಿಯವು. ಸಣ್ಣ ನಾಯಿಯ ಟ್ಯೂಬೂ ಬೆಕ್ಕಿನ ಟ್ಯೂಬೂ ಹೆಚ್ಚುಕಡಿಮೆ ಒಂದೇ ಥರ. ಮೇಲಿನ ಬರಹ ಎಷ್ಟು ಸಣ್ಣದೆಂದರೆ ಕನ್ನಡಕವಿಲ್ಲದೆ ಓದಲಾಗದು. ಬೆಕ್ಕುಗಳು ಎರಡು ಕನ್ನಡಕ ಒಡೆದ ಮೇಲೆ ಅವಳು ಕನ್ನಡಕ ಹಾಕುವುದನ್ನೇ ಬಿಟ್ಟಿದ್ದಳು. ಅವಳಿಗೆ ಜೇಬೇ ಸಾಕಿತ್ತು.

ಅಲ್ಲಿ ನಾಯಿಗೆ ಹಾಕುತ್ತಿದ್ದ ಔಷಧಿ ಬೆಕ್ಕಿಗೆ ವಿಷ. ಇದನ್ನು ನನಗೆ ನೂರು ಸಲ ಹೇಳಿದವಳೂ ಅವಳೇ. ನಾಯಿಯ ಮೈ ತಡೆದುಕೊಳ್ಳುವುದನ್ನು ಬೆಕ್ಕಿನ ಮೈ ತಡೆಯದು. ಮೊದಲು ಕಿವಿ ನಡುಗುತ್ತದೆ, ಆಮೇಲೆ ಮೈಯೆಲ್ಲ, ಆಮೇಲೆ ಸೆಟೆದುಕೊಳ್ಳುತ್ತದೆ. ಅದಕ್ಕೇ ಆರು ತಿಂಗಳಿಂದ ನನ್ನ ಹಿಂದೆ ಬಿದ್ದಿದ್ದಳು.

"ಎಡಗಡೆ ಜೇಬಿನ ಬಾಯಿಗೆ ಒಂದು ಕೆಂಪು ದಾರ ಓಡ್ಸಿಕೊಡೇ. ನಂಗೂ ವಯಸ್ಸಾಗ್ತಾ ಇದೆ, ಒಂದು ಗುರುತಿರ್ಲಿ."

"ಆ ಗಲೀಜನ್ನ ನನ್ನ ಮಷೀನ್ ಮೇಲೆ ಇಡಲ್ಲ."

"ಒಗೆದೇ ಕೊಡ್ತೀನಿ ಕಣೇ."

"ಒಗೆದ್ರೂ ಇಡಲ್ಲ."

ಐದು ನಿಮಿಷದ ಕೆಲಸ ಅದು. ಮೂವತ್ತು ವರ್ಷ ಊರವರ ಬಟ್ಟೆಗೆಲ್ಲ ದಾರ ಓಡಿಸಿದ್ದೇನೆ.

ಆ ಶನಿವಾರ ಅಕ್ಕನಿಗೆ ವಿಪರೀತ ಕೆಲಸವಿತ್ತಂತೆ. ಏಪ್ರನ್ ಬಿಚ್ಚುವುದನ್ನೂ ಮರೆತು ಮನೆಗೆ ಬಂದಳು, ಬಂದವಳೇ ಅದನ್ನು ಬಿಚ್ಚಿ ನನ್ನ ಕುರ್ಚಿಯ ಮೇಲೆ ಎಸೆದು ಸ್ನಾನಕ್ಕೆ ಹೋದಳು. ಕುರ್ಚಿಯ ಪಕ್ಕದಲ್ಲಿ ಒಂದು ಪ್ರಯೋಗಶಾಲೆಗೆಂದು ಹೊಲಿದ ಇಪ್ಪತ್ತು ಬಿಳಿ ಕೋಟುಗಳಿದ್ದವು.

ಭಾನುವಾರ ಬೆಳಿಗ್ಗೆ ಅಕ್ಕ ಸಾಮಾನು ತರಲು ಹೋಗಿದ್ದಳು. ನಾನು ಮೇಲಿನ ಕೋಟು ಎತ್ತಿ ನೋಡಿದರೆ ಕಾಲರಿನ ಮೇಲೆ ಕಪ್ಪು ಚುಕ್ಕೆಗಳು. ಮಸಿ ಇರಬೇಕೆಂದು ಒದ್ದೆ ಬಟ್ಟೆಯಿಂದ ಒರೆಸಿದೆ. ಚುಕ್ಕೆ ಕೆಂಪಾಗಿ ಹರಡಿತು. ಆಗ ನೆನಪಾಯಿತು: ಚಿಗಟದ ಹಿಕ್ಕೆ ಅಂದರೆ ಅದು ಕುಡಿದ ರಕ್ತವೇ, ನೀರು ಬಿದ್ದರೆ ಮತ್ತೆ ರಕ್ತವಾಗುತ್ತದೆ ಎಂದು ಅಕ್ಕ ಊಟದ ಮುಂದೆ ಹೇಳಿದ್ದಳು. ನೋಡುತ್ತಿದ್ದ ಹಾಗೆ ಒಂದು ಚಿಗಟ ಕಾಲರಿನಿಂದ ನನ್ನ ಮಣಿಕಟ್ಟಿಗೆ ಹಾರಿತು. ಹಿಡಿದು ಎರಡು ಉಗುರಿನ ನಡುವೆ ಒತ್ತಿದೆ. ಸಾಯಲಿಲ್ಲ. ಇನ್ನೊಂದು ಸಲ ಒತ್ತಿದೆ. ಚಟ್ಟೆಂದಿತು. ಬಚ್ಚಲಿಗೆ ಓಡಿದೆ.

ವಾಂತಿ ಮಾಡಿ ಬಂದವಳಿಗೆ ಮೈಯೆಲ್ಲ ಉರಿಯುತ್ತಿತ್ತು. ಏಪ್ರನ್ ಕುರ್ಚಿಯ ಮೇಲೆ ಮಗುಚಿ ಬಿದ್ದಿತ್ತು. ಎರಡೇ ಬೆರಳಲ್ಲಿ ಜೇಬುಗಳನ್ನು ಬರಿದು ಮಾಡಿದೆ. ಬೇಕಾಬಿಟ್ಟಿಯಾಗಿ ಅಲ್ಲ. ಮೇಜಿನ ಮೇಲೆ ಒಂದು ಕಾಗದ ಹಾಸಿ, ಎಡಗಡೆಯ ಎರಡು ಟ್ಯೂಬನ್ನು ಅದರ ಎಡಕ್ಕೆ, ಬಲಗಡೆಯ ಎರಡನ್ನು ಬಲಕ್ಕೆ ಇಟ್ಟೆ. ಏಪ್ರನ್ನನ್ನು ಕುದಿಯುವ ನೀರಲ್ಲಿ ಅದ್ದಿ, ಉಜ್ಜಿ, ಬಿಸಿಲಿಗೆ ಹಾಕಿ, ಮಧ್ಯಾಹ್ನ ಮೇಜಿನ ಮೇಲೆ ಅಂಗಾತ ಹರವಿ ಇಸ್ತ್ರಿ ಮಾಡಿದೆ. ಎಡದ ಟ್ಯೂಬು ಎಡಕ್ಕೆ, ಬಲದ್ದು ಬಲಕ್ಕೆ ಹಾಕಿ ಗೂಟಕ್ಕೆ ನೇತು ಹಾಕಿದೆ.

ಅಕ್ಕ ಬಂದು ನೋಡಿ ಹಿಗ್ಗಿದಳು. "ಒಗೆದುಬಿಟ್ಯಾ? ಟ್ಯೂಬು?"

"ಇದ್ದ ಹಾಗೇ ಇಟ್ಟಿದೀನಿ."

"ಕೆಂಪು ದಾರ?"

"ಅತಿ ಆಸೆ ಬೇಡ," ಎಂದೆ.

ಸೋಮವಾರ ಆಸ್ಪತ್ರೆಗೆ ಮೊದಲು ಬಂದವರು ಗಡಿಯಾರ ರಿಪೇರಿಯವರು. ಅವರಿಗೆ ಎರಡು ಪ್ರಾಣಿ. ಒಂದು ಹದಿನಾಲ್ಕು ವರ್ಷದ ಬಿಳಿ ಬೆಕ್ಕು, ಅದು ಮರಿಯಾಗಿದ್ದಾಗ ಅವರ ಹೆಂಡತಿ ತಂದು ಸಾಕಿದ್ದು, ಹೆಂಡತಿ ಈಗಿಲ್ಲ. ಅದನ್ನು ಎಲ್ಲರೂ ದೊರೆಸಾನಿ ಎನ್ನುತ್ತಿದ್ದರು. ಇನ್ನೊಂದು ಫೆರೆಟ್ ಅನ್ನುವ ಪ್ರಾಣಿ, ಮುಂಗುಸಿಯ ದಾಯಾದಿಯ ಹಾಗೆ ಉದ್ದ ಸೊಂಟ, ಮೂತಿಯಲ್ಲಿ ಸದಾ ಏನೋ ಕದ್ದ ಕಳೆ. ಗಡಿಯಾರದ ಪಟ್ಟಿಗಳನ್ನು ಎಳೆದುಕೊಂಡು ಹೋಗಿ ಸೋಫಾದ ಕೆಳಗೆ ಅಡಗಿಸುತ್ತಿತ್ತಾದ್ದರಿಂದ ಅದರ ಹೆಸರು ಕಳ್ಳ. ಡಾಕ್ಟರಮ್ಮ ಅದಕ್ಕೂ ಬೆಕ್ಕಿನ ಟ್ಯೂಬನ್ನೇ ಬರೆದುಕೊಟ್ಟಿದ್ದರು.

ಜೇಬಿನಲ್ಲಿ ಶನಿವಾರದ ಟ್ಯೂಬುಗಳು ಉಳಿದಿದ್ದರಿಂದ ಅಕ್ಕ ಅಂದು ಹೊಸ ಪೊಟ್ಟಣ ಹರಿದಿರಲಿಲ್ಲ. ದೊರೆಸಾನಿ ಸುಮ್ಮನೆ ಕೂತು ಹಾಕಿಸಿಕೊಂಡಿತು. ಕಳ್ಳ ಅಕ್ಕನ ಕೈಯಿಂದ ಜಾರಿ ಕಪಾಟಿನ ಹಿಂದೆ ಸೇರಿಕೊಂಡಿತು. ಅದನ್ನು ಹೊರಗೆ ತೆಗೆಯುವಷ್ಟರಲ್ಲಿ ಅವರ ಅಂಗಡಿ ತೆರೆಯುವ ಹೊತ್ತಾಯಿತು. ಇವನದ್ದು ನಾಳೆ ನೋಡೋಣ ಎಂದು ಅವರು ಎರಡನ್ನೂ ಎತ್ತಿಕೊಂಡು ಹೋದರು. ಅಕ್ಕ ಆ ಟ್ಯೂಬನ್ನು ಹಾಗೇ ಎಡ ಜೇಬಿಗೆ ವಾಪಸು ಹಾಕಿದಳು. ಆಮೇಲೆ ಮಧ್ಯಾಹ್ನದ ತನಕ ಬೇರೆ ಬೆಕ್ಕು ಬರಲಿಲ್ಲ.

ಮಧ್ಯಾಹ್ನ ಒಂದೂವರೆಗೆ ಅಕ್ಕನ ಫೋನು. "ಮನೇಲಿರೋ ಹಳೇ ಟವೆಲ್ ಎಲ್ಲಾ ತಗೊಂಡು ಬೇಗ ಬಾ." ಆಸ್ಪತ್ರೆ ಎರಡು ಬೀದಿ ಆಚೆ. ಗೊಣಗುತ್ತಲೇ ಹೋದೆ.

ಸ್ಟೀಲಿನ ತೊಟ್ಟಿಯಲ್ಲಿ ದೊರೆಸಾನಿ. ಅಕ್ಕ ಪಾತ್ರೆ ತೊಳೆಯುವ ಸೋಪು ಹಾಕಿ ಅದರ ಕತ್ತನ್ನು ತಿಕ್ಕುತ್ತಿದ್ದಳು. ಕಿವಿ ಅದುರುತ್ತಿತ್ತು, ಮೀಸೆ ಅದುರುತ್ತಿತ್ತು, ಕಾಲುಗಳು ತಮ್ಮಷ್ಟಕ್ಕೆ ಒದೆಯುತ್ತಿದ್ದವು. ಬಾಯಿಂದ ಜೊಲ್ಲು ನೊರೆನೊರೆಯಾಗಿ ಇಳಿಯುತ್ತಿತ್ತು. ಉಚ್ಚೆ, ಸೋಪು, ಔಷಧಿಯ ಘಾಟು ಎಲ್ಲ ಸೇರಿ ಮೂಗಿಗೆ ಹೊಡೆಯಿತು. ಗಡಿಯಾರದವರು ಗೋಡೆಗೆ ಒರಗಿ ನಿಂತಿದ್ದರು. ಅವರ ಕೋಟಿನೊಳಗಿಂದ ಕಳ್ಳ ತಲೆ ಹೊರಗೆ ಹಾಕಿ ನೋಡುತ್ತಿತ್ತು.

"ಬದುಕುತ್ತಾ ಡಾಕ್ಟ್ರೇ?" ಎಂದರು ಅವರು.

"ನಡುಕ ನಿಲ್ಲೋಕೆ ಔಷಧಿ ಕೊಡ್ತಿದೀನಿ. ನಾಳೆ ತನಕ ತಡೆದ್ರೆ ಭರವಸೆ ಇಟ್ಕೋಬಹುದು," ಎಂದರು ಪಕ್ಕದಲ್ಲಿದ್ದ ಡಾಕ್ಟರಮ್ಮ.

ಅವರು ಅಕ್ಕನ ಎಡ ಜೇಬಿಗೆ ತಾವೇ ಕೈ ಹಾಕಿ ಉಳಿದಿದ್ದ ಟ್ಯೂಬನ್ನು ತೆಗೆದು ಬೆಳಕಿಗೆ ಹಿಡಿದರು. "ಇದು ನಾಯಿದು," ಎಂದರು. "ಎಡ ಜೇಬಲ್ಲಿ ನಾಯಿದು ಹೇಗೆ ಬಂತು?"

ನನಗೆ ಆಗ ಗೊತ್ತಾಯಿತು. ಟ್ಯೂಬು ತೆಗೆಯುವಾಗ ಏಪ್ರನ್ ಬೋರಲಾಗಿತ್ತು, ಹಾಕುವಾಗ ಅಂಗಾತವಾಗಿತ್ತು. ತೊಟ್ಟವರ ಎಡ ಎದುರಿಗಿದ್ದವರ ಬಲ. ಹೊಲಿಗೆ ಕಲಿಯಲು ಬಂದ ಹುಡುಗಿಯರಿಗೆ ನಾನು ಮೊದಲ ದಿನ ಹೇಳಿಕೊಡುವುದೇ ಇದನ್ನು. ತಪ್ಪಿದವರನ್ನು ಬಾಯಿಗೆ ಬಂದ ಹಾಗೆ ಬೈದಿದ್ದೇನೆ.

ಅಕ್ಕ ತೊಟ್ಟಿಯಿಂದ ತಲೆ ಎತ್ತಿ ನನ್ನನ್ನು ಒಂದು ಸಲ ನೋಡಿದಳು. ಅಷ್ಟೇ. ಅವಳಿಗೂ ಗೊತ್ತಾಗಿತ್ತು.

"ನನ್ನದೇ ತಪ್ಪು ಡಾಕ್ಟ್ರೇ," ಎಂದಳು. "ಓದದೆ ಹಾಕ್ಬಿಟ್ಟೆ."

ನಾನು ಟವೆಲು ಹಿಡಿದುಕೊಂಡು ನಿಂತಿದ್ದೆ. ಹೇಳಬೇಕಿತ್ತು. ಒಂದು ವಾಕ್ಯ. ಗಡಿಯಾರದವರು ಅಕ್ಕನನ್ನು ನೋಡಿದ ನೋಟ ನನ್ನ ಮೇಲೆ ಬೀಳುವುದು ನನಗೆ ಬೇಡವಾಗಿತ್ತು. ಟವೆಲುಗಳನ್ನು ಮೇಜಿನ ಮೇಲಿಟ್ಟು ಮನೆಗೆ ಬಂದೆ.

ಬಂದು ಕೈ ತೊಳೆದುಕೊಂಡೆ. ಮೂರು ಸಲ ತೊಳೆದೆ. ಉಣ್ಣಿ, ಚಿಗಟ, ಹಿಕ್ಕೆ, ಅಕ್ಕ ಹೇಳಿದ ಎಲ್ಲ ಗಲೀಜಿಗಿಂತ ಹೇಸಿಗೆಯ ವಸ್ತುವೊಂದು ಬಚ್ಚಲಿನ ಕನ್ನಡಿಯ ಎದುರು ನಿಂತಿತ್ತು. ಛೀ ಅನ್ನಿಸಿತು. ಮುಖ ತಿರುಗಿಸಿಕೊಂಡೆ.

ದೊರೆಸಾನಿಯ ನಡುಕ ನಿಲ್ಲಲು ಎರಡು ದಿನ ಹಿಡಿಯಿತು. ಬುಧವಾರ ತಾನಾಗಿ ನೀರು ಕುಡಿಯಿತು, ಗುರುವಾರ ಅಕ್ಕನ ಕೈ ಪರಚಿತು. ಅಕ್ಕ ಆ ಗೀರನ್ನು ಬಹುಮಾನದ ಹಾಗೆ ತೋರಿಸಿದಳು. ಅದೇ ದಿನ ಡಾಕ್ಟರಮ್ಮ ಅವಳ ಕೆಲಸ ಬದಲಾಯಿಸಿದರು. ಇನ್ನು ಮೇಲೆ ಅವಳು ಔಷಧಿ ಮುಟ್ಟುವಂತಿಲ್ಲ. ಪಂಜರ ತೊಳೆಯುವುದು, ನೆಲ ಒರೆಸುವುದು ಮಾತ್ರ. ಕತ್ತಿಗೆ ಹನಿ ಹಾಕಲು ಬೇರೊಬ್ಬಳು ಬಂದಳು. ಪೊಟ್ಟಣವನ್ನು ಬೆಕ್ಕಿನ ಎದುರೇ ಹರಿಯುತ್ತಾಳಂತೆ, ಬೆಕ್ಕುಗಳು ಕಪಾಟು ಹತ್ತುತ್ತವಂತೆ. ಅಕ್ಕ ನೆಲ ಒರೆಸುತ್ತಾ ನೋಡುತ್ತಾಳಂತೆ.

ಮರುವಾರ ನಾನು ಗಟ್ಟಿ ಮನಸ್ಸು ಮಾಡಿ ಡಾಕ್ಟರಮ್ಮನ ಕೋಣೆಗೆ ಹೋದೆ. "ಟ್ಯೂಬು ಅದಲು ಬದಲು ಮಾಡಿದ್ದು ನಾನು," ಎಂದೆ.

ಅವರು ಬರೆಯುವುದನ್ನು ನಿಲ್ಲಿಸಲಿಲ್ಲ. "ನಿಮ್ಮಕ್ಕ ಮೊದ್ಲೇ ಹೇಳಿದ್ರು. ತಂಗಿ ಬಂದು ಎಲ್ಲಾ ತನ್ನ ಮೇಲೆ ಹಾಕ್ಕೋತಾಳೆ, ಅವಳು ಹಾಗೇನೇ, ನಂಬ್ಬೇಡಿ ಅಂತ."

"ಅವಳು ಸುಳ್ಳು ಹೇಳಿದಾಳೆ. ನಾನೇ ಒಗೆದು, ನಾನೇ—"

"ಯಾರು ಬದಲಾಯಿಸಿದ್ರೂ ಓದಿ ಹಾಕ್ಬೇಕಾಗಿದ್ದು ಅವರು. ಅದು ಅವರಿಗೂ ಗೊತ್ತು. ಹೋಗಿಬನ್ನಿ."

ಮನೆಗೆ ಬಂದಾಗ ಅಕ್ಕ ಊಟಕ್ಕೆ ಬಡಿಸುತ್ತಿದ್ದಳು. ಉಣ್ಣಿಯ ಮಾತಿಲ್ಲ, ಚಿಗಟದ ಮಾತಿಲ್ಲ. ಒಂದು ವಾರದಿಂದ ನಮ್ಮ ಊಟ ಶುಭ್ರವಾಗಿ ನಡೆಯುತ್ತಿತ್ತು. ನನಗೆ ಒಂದು ತುತ್ತೂ ಇಳಿಯುತ್ತಿರಲಿಲ್ಲ.

"ಏನಾದ್ರೂ ಹೇಳೇ," ಎಂದೆ. "ಇವತ್ತು ಏನ್ ಮಾಡ್ದೆ?"

"ನೆಲ ಒರ್ಸಿದೆ," ಎಂದಳು.

ಊಟ ಬಿಟ್ಟು ಎದ್ದೆ. ಅಕ್ಕ ಒಗೆಯಲೆಂದು ತಂದು ಗೂಟಕ್ಕೆ ಹಾಕಿದ್ದ ಏಪ್ರನ್ನನ್ನು ತೆಗೆದೆ. ಇನ್ನೂ ಒಗೆದಿರಲಿಲ್ಲ, ಪಂಜರದ ನಾತ, ಮಡಿಕೆಯಲ್ಲೆಲ್ಲ ಕೂದಲು. ಅದನ್ನು ಬಿಳಿ ಕೋಟುಗಳ ಪಕ್ಕದಲ್ಲೇ ಮಷೀನಿನ ಮೇಲೆ ಹರವಿ ಕೆಂಪು ದಾರ ಪೋಣಿಸಿದೆ. ಅಕ್ಕ ಬಾಗಿಲಲ್ಲಿ ಬಂದು ನಿಂತಳು.

"ಈಗ್ಯಾಕೆ? ಆ ಜೇಬಲ್ಲಿ ಈಗ ಏನೂ ಇಡಲ್ಲ ನಾನು."

"ಗೊತ್ತು," ಎಂದೆ. "ತೊಟ್ಕೋ. ನಿನ್ನ ಎಡ ಯಾವ್ದು ತೋರ್ಸು."

ಅವಳು ತೊಟ್ಟು, ಎಡಗೈಯನ್ನು ಎಡ ಜೇಬಿನ ಮೇಲಿಟ್ಟಳು. ಅಲ್ಲಿ ಸೀಮೆಸುಣ್ಣದಿಂದ ಗುರುತು ಹಾಕಿ, ಬಿಚ್ಚಿಸಿಕೊಂಡು, ಹೊಲಿಯಲು ಕೂತೆ. ಅರ್ಧ ಹೊಲಿಗೆ ಮುಗಿದಿತ್ತು, ಜೇಬಿನೊಳಗಿಂದ ಒಂದು ಚಿಗಟ ಎದ್ದು ನನ್ನ ಮಣಿಕಟ್ಟಿನ ಮೇಲೆ ಕೂತು ಕಚ್ಚಿತು. ನಾನು ಕೈ ತೆಗೆಯಲಿಲ್ಲ. ಅದು ಕುಡಿಯುವಷ್ಟು ಕುಡಿಯಲಿ ಎಂದು, ದಾರ ಜೇಬಿನ ಕೊನೆ ಮುಟ್ಟುವ ತನಕ ಹೊಲಿದೆ.