ಮಥಾಯಸರ ಮನೆಯ ಕಡಲ್ಗಳ್ಳರು

ಮಥಾಯಸ್ ಬಹಳ ಸಾಧು ಮನುಷ್ಯ. ಬಸ್ಸಿನಲ್ಲಿ ಯಾರಾದರೂ ಅವರ ಕಾಲು ತುಳಿದರೆ ಕಾಲು ಅಡ್ಡ ಬಂದದ್ದಕ್ಕೆ ತಾವೇ ಸಾರಿ ಹೇಳುವವರು. ಅಂಥವರು ವರ್ಷಗಳಿಂದ ದಿನಾ ಸಂಜೆ ಕಡಲ್ಗಳ್ಳರಿಗಾಗಿ ದೇವರಲ್ಲಿ ಮೊರೆಯಿಡುತ್ತಿದ್ದರು.

ಕಿನ್ನಿಗೋಳಿಯಿಂದ ಕುವೈತಿಗೆ ಬಂದ ಅವರಿಗೆ ಅಮೆರಿಕನ್ ಸೈನಿಕರ ಶಿಬಿರದ ಮೆಸ್ಸಿನಲ್ಲಿ ಅಡುಗೆ ಕೆಲಸ. ಅವರ ಕೈಯ ಮೊಟ್ಟೆ ತಿಂದು ದಪ್ಪಗಾದ ಸೈನಿಕನೊಬ್ಬ ಊರಿಗೆ ಹೊರಡುವಾಗ ಕೆಂಪು ಬಾವುಟವೊಂದನ್ನು ಕೊಟ್ಟುಹೋದ. ಅದರ ಮೇಲೆ ತಲೆಬುರುಡೆ, ಎರಡು ಕತ್ತಿ. ಫ್ಲೋರಿಡಾದ ಟ್ಯಾಂಪಾ ಬೇ ಬಕನೀರ್ಸ್, ಅಂದರೆ ಕಡಲ್ಗಳ್ಳರು, ಎಂಬ ಅಮೆರಿಕನ್ ಫುಟ್ಬಾಲ್ ತಂಡದ ಬಾವುಟ. ಹುಟ್ಟಿದ ವರ್ಷ ಒಂದೇ ಒಂದು ಪಂದ್ಯವನ್ನೂ ಗೆಲ್ಲದ ತಂಡ ಎಂದು ಕೇಳಿದ ಕೂಡಲೇ ಮಥಾಯಸರ ಕರುಳು ಚುರ್ ಎಂದಿತು.

ಚರ್ಚಿನ ಗೆಳೆಯರು ನಕ್ಕರು. "ಚೆಂಡನ್ನು ಕಂಕುಳಲ್ಲಿ ಇಟ್ಟುಕೊಂಡು ಓಡುವುದು ಯಾವ ಸೀಮೆಯ ಫುಟ್ಬಾಲ್ ಮಾರಾಯ?"

"ಕಳ್ಳರಲ್ವಾ, ಹಾಗೇ ಓಡುವುದು," ಎಂದರು ಮಥಾಯಸ್.

ಬಾವುಟ ಸಾಲ್ಮಿಯಾದ ಫ್ಲ್ಯಾಟಿನಲ್ಲಿ, ಏಸುವಿನ ಪವಿತ್ರ ಹೃದಯದ ಚಿತ್ರದ ಪಕ್ಕದಲ್ಲೇ ನೇತಾಡಿತು. ಹೆಂಡತಿ ಇನೆಜ್ ಜಾಬ್ರಿಯಾದ ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ನರ್ಸ್. ದಿನವೂ ಎಲುಬು ನೋಡುವವರಾದ್ದರಿಂದ ಸುಮ್ಮನಿದ್ದರು. ಮಗಳು ಡೆಲ್ಮಾಳಿಗೆ ಸಂಬಂಧ ಬರುವವರೆಗೆ.

ಹುಡುಗ ಶೇನ್. ಡೆಲ್ಮಾಳಿಗೆ ಅವನನ್ನು ಬಿಟ್ಟರೆ ಜಗತ್ತೇ ಇಲ್ಲ. ಅಡ್ಡಿ ಎಂದರೆ ಅವನ ತಾಯಿ ಡೊರೊತಿ, ಪ್ರಾರ್ಥನಾ ಕೂಟದ ಮುಖ್ಯಸ್ಥೆ. ಪೂಜೆಯ ಹೊತ್ತಿನಲ್ಲಿ ಚ್ಯೂಯಿಂಗ್ ಗಮ್ ಜಗಿದಳೆಂದು ಹಿಂದೊಬ್ಬ ಹುಡುಗಿಯನ್ನು ಬೇಡವೆಂದವರು. ಅವರು ಶುಕ್ರವಾರ ಸಂಜೆ ಮನೆ ನೋಡಲು ಬರುವುದಾಗಿತ್ತು.

"ಆ ಬುರುಡೆ ಇಳಿಸಿ," ಎಂದರು ಇನೆಜ್. "ಮಗಳ ಮದುವೆ ಆಗ್ಬೇಕಾ, ನಿಮ್ಮ ಕಳ್ಳರು ಗೆಲ್ಬೇಕಾ?"

"ಎರಡೂ ಆಗ್ಬಾರ್ದಾ ಮಾರಾಯ್ತಿ?"

"ಡ್ಯಾಡಾ, ಪ್ಲೀಸ್! ಜಸ್ಟ್ ಒನ್ ಇವ್ನಿಂಗ್," ಎಂದಳು ಡೆಲ್ಮಾ. ಕಣ್ಣು ತುಂಬಿತ್ತು.

ಮಥಾಯಸ್ ಬಾವುಟ ಮಡಚಿ ಅಕ್ಕಿಯ ಡಬ್ಬಿಯ ಹಿಂದಿಟ್ಟರು. ಅದೇ ಬುರುಡೆಯಿದ್ದ ಟೋಪಿ, ಮಗ್ಗು, ಚಪ್ಪಲಿ ಎಲ್ಲವೂ ಅಲ್ಲಿಗೇ ಹೋದವು. ಅವರ ನಾಲಿಗೆಯನ್ನು ಎಲ್ಲಿಡುವುದೆಂದು ಮಾತ್ರ ಯಾರಿಗೂ ಹೊಳೆಯಲಿಲ್ಲ.

ಡೊರೊತಿ ಮಗನೊಡನೆ ಬಂದರು, ಗೋಡೆ ನೋಡಿ ಮೆಚ್ಚಿದರು. ಎಲ್ಲರೂ ಮೊಣಕಾಲೂರಿ ಜಪಮಾಲೆ ಹಿಡಿದರು. ಜಪ ಮುಗಿದ ಮೇಲೆ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪರಲೋಕ ಮಂತ್ರ ಹೇಳುವುದು ರೂಢಿ. ಅರ್ಧವನ್ನು ಮನೆಯ ಯಜಮಾನ ಹೇಳಬೇಕು, ಉಳಿದರ್ಧವನ್ನು ಎಲ್ಲರೂ ಸೇರಿ. ಸತ್ತವರಿಗಾಗಿ ಒಂದು ಆಯಿತು. ರೋಗಿಗಳಿಗಾಗಿ ಒಂದು ಆಯಿತು. ಕಣ್ಣು ಮುಚ್ಚಿದ್ದ ಮಥಾಯಸರ ಬಾಯಿ ಅಭ್ಯಾಸದ ದಾರಿಯಲ್ಲಿ ಮುಂದೆ ಹೋಯಿತು: "ಸೋಮವಾರದ ಪಂದ್ಯಕ್ಕೆ, ನಮ್ಮ ಕಡಲ್ಗಳ್ಳರಿಗಾಗಿ. ಪರಲೋಕದಲ್ಲಿರುವ ನಮ್ಮ ತಂದೆಯೇ..."

ಅರ್ಧಕ್ಕೆ ಬಂದಾಗ ತಾವು ಹೇಳಿದ್ದು ಅವರಿಗೂ ಕೇಳಿಸಿತು. ಡೆಲ್ಮಾಳ ಜಪಮಾಲೆ ಕೈಯಿಂದ ಜಾರಿತು. ಮಂತ್ರ ಗಾಳಿಯಲ್ಲಿ ನೇತಾಡುತ್ತಿತ್ತು. ಆಗ ಉಳಿದರ್ಧವನ್ನು ಒಂದೇ ದನಿ ಗಟ್ಟಿಯಾಗಿ ಹೇಳಿ ಮುಗಿಸಿತು. ಡೊರೊತಿಯ ದನಿ. ಅರವತ್ತು ವರ್ಷ ಉತ್ತರ ಕೊಟ್ಟ ಬಾಯಿ. ಯಾರಿಗಾಗಿ ಎಂದು ವಿಚಾರಿಸಿ ಅದಕ್ಕೆ ಗೊತ್ತಿರಲಿಲ್ಲ.

ಆಮೆನ್ ಆದಮೇಲೆ ಅವರು ಕಣ್ಣು ತೆರೆದರು. "ಮಥಾಯಸ್‌ಬಾಬ್, ನಾನೀಗ ಯಾರಿಗಾಗಿ ಪ್ರಾರ್ಥನೆ ಮಾಡಿದ್ದು?"

ಮಥಾಯಸರಿಗೆ ಸುಳ್ಳು ಬರುವುದಿಲ್ಲ. ಎಲ್ಲ ಹೇಳಿದರು. ಬಕನೀರರು ಮೊದಲಿಗೆ ಕೆರಿಬಿಯನ್ ದ್ವೀಪದಲ್ಲಿ ಮಾಂಸ ಹೊಗೆಗೆ ಹಿಡಿದು ಹಡಗಿನವರಿಗೆ ಮಾರುತ್ತಿದ್ದವರು, ಅಂದರೆ ತಮ್ಮ ಹಾಗೆ ಅಡುಗೆಯವರು. ಸ್ಪೇನಿನವರು ಓಡಿಸಿದ ಮೇಲೆ ಕಡಲಿಗಿಳಿದದ್ದು. ಅವರು ಕಪ್ತಾನನನ್ನು ಮತ ಹಾಕಿ ಆರಿಸುತ್ತಿದ್ದರು. ಹೊಡೆದಾಟದಲ್ಲಿ ಕೈಕಾಲು ಹೋದವನಿಗೆ ಲೂಟಿಯಲ್ಲಿ ಮೊದಲ ಪಾಲು.

"ನಮ್ಮ ಕಂಪನಿಯಲ್ಲಿ ಬೆರಳು ಸುಟ್ಟರೆ ಮುಲಾಮು ನಾವೇ ತರಬೇಕು, ಡೊರೊತಿಬಾಯ್."

ಶೇನ್ ಕೆಮ್ಮಿದ. ಅದು ನಗು ಎಂದು ಎಲ್ಲರಿಗೂ ಗೊತ್ತಾಯಿತು.

"ಕಳ್ಳರಿಗಾಗಿ ಪ್ರಾರ್ಥನೆ ಮಾಡಿ ಫಲ ಸಿಕ್ಕಿದ್ದುಂಟಾ?" ಡೊರೊತಿ ಕೇಳಿದರು.

"ನಾನು ಮೊರೆಯಿಟ್ಟ ಇಷ್ಟು ವರ್ಷದಲ್ಲಿ ಒಂದು ಸಲ ಕಪ್ ಬಂತು."

"ನನ್ನ ಪ್ರಾರ್ಥನೆಗಳೂ ಸುಮಾರು ಹಾಗೇ," ಎಂದವರು ಎದ್ದು ಚಹಾ ಕುಡಿದು, ಮದುವೆಯ ಮಾತೆತ್ತದೆ ಹೊರಟುಹೋದರು.

ಆ ರಾತ್ರಿ ಡೆಲ್ಮಾ ಕೋಣೆಯ ಬಾಗಿಲು ಹಾಕಿಕೊಂಡಳು. ಮಥಾಯಸ್ ಅಡುಗೆಮನೆಯಲ್ಲಿ ನಿಂತು ಯಾರಿಗೂ ಬೇಡದ ಅಪ್ಪಗಳನ್ನು ಸುಟ್ಟರು. ಶನಿವಾರ, ಭಾನುವಾರ ಫೋನಿಲ್ಲ. ಸೋಮವಾರ ಬೆಳಿಗ್ಗೆ ತಂಡ ಸೋತು ಆ ವರ್ಷದ ಆಟದಿಂದ ಹೊರಬಿದ್ದ ಸುದ್ದಿ ಬಂತು. ಅದರ ಹಿಂದೆಯೇ ಡೊರೊತಿಯ ಫೋನೂ ಬಂತು. ಇನೆಜ್ ಸ್ಪೀಕರ್ ಒತ್ತಿದರು.

"ಎಂತ ಮಥಾಯಸ್‌ಬಾಬ್, ಸೋತರಂತೆ? ಶೇನ್ ಹೇಳಿದ." ದನಿಯಲ್ಲಿ ಸಿಟ್ಟಿತ್ತು. "ನಾನು ಹೇಳಿದ ಪ್ರಾರ್ಥನೆ ಹಾಗೆಲ್ಲ ನೀರಿಗೆ ಹೋಗುವುದಿಲ್ಲ. ಮುಂದಿನ ವರ್ಷ ಶುರುವಿನಿಂದಲೇ ಜಪ ಹಿಡಿಯಬೇಕು. ಅಷ್ಟು ಹೊತ್ತಿಗೆ ಡೆಲ್ಮಾ ನಮ್ಮ ಮನೆಯಲ್ಲಿರ್ತಾಳಲ್ಲ, ಯಾವ ದಿನ ಆಟ ಅಂತ ಅವಳೇ ನನಗೆ ಹೇಳಲಿ."